ಪೇಪರ್ ಒಪ್ಪಿಗೆಯಾಯ್ತು, ಇಳಿದುಕೊಳ್ಳೋದು ಎಲ್ಲಿ?

ಬೆಳಗಾವಿ ಸೀಮೆಯವರಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾಯಿತು ಅಂದರೆ ಊರೊಳಗ ಲಾಡ್ಜು ಸಿಗೂದಿಲ್ಲ. ಮಂತ್ರಿಗಳು, ಅಧಿಕಾರಿಗಳು, ಅವರ ಡ್ರೈವರುಗಳು, ಮನವಿಪತ್ರ ಹಿಡಿದುಕೊಂಡು ಬಂದವರು, ಧರಣಿ ಕೂರೋಕೆ ಬಂದವರು ಎಲ್ಲರಿಗೂ ಅದೇ ಹತ್ತು ದಿನ ರೂಮು ಬೇಕು. ಆ ಹೊತ್ತಿನಲ್ಲಿ ಆಸ್ಪತ್ರೆ ಕೆಲಸಕ್ಕೋ ಮದುವೆ ಜವಳಿಗೋ ಬೆಳಗಾವಿಗೆ ಹೋದ ಹಳ್ಳಿಯವರು ಕಡೇ ಬಸ್ಸು ಹಿಡಿದು ವಾಪಸ್ ಬರುತ್ತಾರೆ.

ಇದೇ ಕಥೆ ಸಣ್ಣ ಪ್ರಮಾಣದಲ್ಲಿ ಇನ್ನೊಂದು ಕಡೆ ನಡೆಯುತ್ತದೆ. ಅದರ ಬಗ್ಗೆ ಯಾರೂ ಅಷ್ಟಾಗಿ ಬರೆಯುವುದಿಲ್ಲ. ಕಾಲೇಜು, ಯೂನಿವರ್ಸಿಟಿಗಳು ನಡೆಸುವ ಕಾನ್ಫರೆನ್ಸುಗಳು ಅವು. ಸಂಶೋಧನೆ ಮಾಡುವ ಹುಡುಗ ಹುಡುಗಿಯರು ತಮ್ಮ ಕೆಲಸವನ್ನು ಬರೆದು ಕಳಿಸುತ್ತಾರೆ, ಅದು ಒಪ್ಪಿಗೆಯಾದರೆ ಅಲ್ಲಿಗೆ ಹೋಗಿ ಹದಿನೈದು ನಿಮಿಷ ಮಾತಾಡಬೇಕು. ಎಷ್ಟೋ ಕಡೆ ಖುದ್ದಾಗಿ ಹೋಗಿ ಮಾತಾಡದಿದ್ದರೆ ಪೇಪರು ಪ್ರಕಟವೇ ಆಗುವುದಿಲ್ಲ. ಹದಿನೈದು ನಿಮಿಷದ ಮಾತಿಗೆ ಎರಡು ಮೂರು ರಾತ್ರಿ ಹೊರಗೆ ಇರಬೇಕು. ಆ ರಾತ್ರಿಗಳು ಎಲ್ಲಿ ಕಳೆಯಬೇಕು ಅನ್ನೋದು, ನಮ್ಮಂಥ ಊರಿನ ಮಕ್ಕಳ ಮಟ್ಟಿಗೆ, ಪೇಪರ್ ಬರೆಯೋದಕ್ಕಿಂತ ಕಷ್ಟದ ಲೆಕ್ಕ.

ನಮ್ಮೂರು ಅಂಕಲಗಿ, ಗೋಕಾಕ ತಾಲ್ಲೂಕು. ನಮ್ಮ ಕಾಕಾನ ಮಗಳು ಬೆಳಗಾವಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಕಬ್ಬಿನ ಎಲೆಯ ಫೋಟೋ ನೋಡಿ ರೋಗ ಯಾವುದು ಅಂತ ಕಂಪ್ಯೂಟರ್ ಗುರುತಿಸುವ ಹಾಗೆ ಮಾಡುವುದು ಅವಳ ಕೆಲಸ. ಫೋಟೋಗಳಲ್ಲಿ ಅರ್ಧ ನಮ್ಮ ಹೊಲದವೇ. ಕರಾವಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಕಾನ್ಫರೆನ್ಸಿಗೆ ಆ ಪೇಪರ್ ಒಪ್ಪಿಗೆಯಾಯಿತು. ಮನೆಯಲ್ಲಿ ಎಲ್ಲರಿಗೂ ಪೇಢೆ ಹಂಚಿದಳು. ಕಾಕಾ ಪೇಢೆ ಬಾಯಿಗೆ ಹಾಕಿಕೊಂಡು ಕೇಳಿದ್ದು ಒಂದೇ ಮಾತು: "ಭಾಳ ಚೊಲೋ ಆತು. ಅಲ್ಲಿ ಇರಾಕ ವ್ಯವಸ್ಥಾ ಎಲ್ಲಿ ಐತಿ? ನಮ್ಮವ್ರು ಅಂತ ಯಾರದಾರ ಅಲ್ಲಿ?"

ಹುಡುಗಿಯನ್ನು ತಡೆಯೋಕೆ ಕೇಳಿದ ಮಾತಲ್ಲ ಅದು. ನಮ್ಮ ಕಡೆ ಯಾವ ಊರಿಗೆ ಹೋದರೂ ಮೊದಲು ನೋಡೋದು ಅಲ್ಲಿ ಬೀಗರು ಇದ್ದಾರಾ, ಮಠ ಇದೆಯಾ ಅಂತ. ಜಾತ್ರೆಗೆ ಬಂದವರು ಲಾಡ್ಜು ಹುಡುಕಿದ್ದನ್ನು ನಾನಂತೂ ಕಂಡಿಲ್ಲ. ಅಂಕಲಗಿಯ ಅಡವಿಸಿದ್ಧೇಶ್ವರ ಮಠಕ್ಕೆ ಬಂದವರು ಪ್ರಸಾದ ಮಾಡಿ, ಜಾಗ ಸಿಕ್ಕಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ಕರಾವಳಿಯಲ್ಲಿ ನಮಗೆ ಬೀಗರೂ ಇಲ್ಲ, ಗುರುತಿನ ಮಠವೂ ಇಲ್ಲ. ಕಾಲೇಜಿನವರು ಕಳಿಸಿದ ಇ-ಮೇಲ್‌ನಲ್ಲಿ ಇದ್ದದ್ದು ಇಷ್ಟೇ: ವಸತಿಯ ವ್ಯವಸ್ಥೆ ಭಾಗವಹಿಸುವವರದ್ದೇ, ಹತ್ತಿರದ ಹೋಟೆಲುಗಳ ಪಟ್ಟಿ ಕೆಳಗಿದೆ. ಪಟ್ಟಿ ನೋಡಿ ತಂಗಿ ನನಗೆ ಫೋನ್ ಮಾಡಿದಳು. "ಅಕ್ಕಾ, ಇದರೊಳಗಿನ ಒಂದು ರಾತ್ರಿ ಬಾಡಿಗಿ ನಮ್ಮ ಹಾಸ್ಟೆಲ್ಲಿನ ತಿಂಗಳ ಮೆಸ್ ಬಿಲ್ಲಿಗಿಂತ ಜಾಸ್ತಿ ಐತಿ."

ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಇರೋಳು. ನಮಗೆ ಬೇರೆ ಊರಿಗೆ ಹೋಗು ಅಂದರೆ ಟಿಕೆಟ್ಟು, ಹೋಟೆಲ್ಲು ಎರಡೂ ಮೊಬೈಲಿಗೆ ಬಂದು ಬೀಳುತ್ತವೆ. ಅದೇ ಪದವಿ ಓದಿ ಸಂಶೋಧನೆಗೆ ಹೋದವರಿಗೆ ಆ ಸೌಕರ್ಯ ಇಲ್ಲ. ಮೊದಲು ಸ್ವಂತ ದುಡ್ಡು ಹಾಕಿ, ಬಿಲ್ಲು ಕೊಟ್ಟು, ಬಂದರೆ ಬಂತು ಅಂತ ಕಾಯಬೇಕು. ಆಗ ನಾನು ಊರಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಎರಡು ದಿನ ರಜೆ ಹಾಕಿ ನಾನೂ ಬರ್ತೀನಿ ಅಂದೆ. ಇಬ್ಬರೂ ಕೂತು ರೂಮು ಹುಡುಕಿದೆವು. ಆ ಹುಡುಕಾಟದಲ್ಲಿ ತಿಳಿದದ್ದು ಬೇರೆಯವರಿಗೂ ಉಪಯೋಗಕ್ಕೆ ಬರಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಮಂಗಳೂರು?

ಕಾನ್ಫರೆನ್ಸಿನ ಆಹ್ವಾನದಲ್ಲಿ 'ಮಂಗಳೂರು' ಅಂತ ಇದ್ದರೆ ಅದು ಯಾವ ಮಂಗಳೂರು ಅಂತ ಮೊದಲು ನೋಡಬೇಕು. ಸುರತ್ಕಲ್‌ನ ಎನ್‌ಐಟಿಕೆ ವಿಳಾಸದಲ್ಲೂ ಮಂಗಳೂರು ಅಂತಲೇ ಇರುತ್ತದೆ. 1960ರಲ್ಲಿ ಕೆಆರ್‌ಇಸಿ ಆಗಿ ಶುರುವಾದ ಈ ಕಾಲೇಜು ಊರಿನ ನಡುವಿನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರ ಇದೆ. ಅದಕ್ಕಾಗಿ ದುಡಿದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರಲ್ಲೇ ಆ ಜಾಗ ಶ್ರೀನಿವಾಸನಗರ. ಮಂಗಳೂರು ವಿಶ್ವವಿದ್ಯಾಲಯ ಇರೋದು ಕೊಣಾಜೆಯಲ್ಲಿ, ನೇತ್ರಾವತಿ ದಾಟಿ, ಊರಿಗೆ ಇನ್ನೊಂದು ದಿಕ್ಕಿನಲ್ಲಿ ಅಷ್ಟೇ ದೂರ. ಸುರತ್ಕಲ್‌ನಲ್ಲಿ ರೂಮು ಮಾಡಿ ಕೊಣಾಜೆಗೆ ದಿನಾ ಓಡಾಡುತ್ತೇನೆ ಅಂದರೆ ಇಡೀ ಮಂಗಳೂರು ಪೇಟೆಯ ಟ್ರಾಫಿಕ್ಕನ್ನು ಎರಡು ಸಲ ದಾಟಬೇಕು.

ಹೆಸರಿನ ಗೊಂದಲ ಇನ್ನೂ ಒಂದಿದೆ. ನಿಟ್ಟೆ ಅನ್ನೋದು ಕಾರ್ಕಳ ತಾಲ್ಲೂಕಿನ ಒಂದು ಊರು. ಎನ್‌ಎಂಎಎಂ ಎಂಜಿನಿಯರಿಂಗ್ ಕಾಲೇಜು ಅಲ್ಲಿದೆ. ಅದೇ ಹೆಸರಿನ ನಿಟ್ಟೆ ಯೂನಿವರ್ಸಿಟಿಯ ಮುಖ್ಯ ಕ್ಯಾಂಪಸ್ಸು ಮಂಗಳೂರು ದಾಟಿ ದೇರಳಕಟ್ಟೆಯಲ್ಲಿದೆ. ಎರಡರ ನಡುವೆ ಬಸ್ಸಲ್ಲಿ ಹೋದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಮಣಿಪಾಲದ್ದು ಉಡುಪಿ ಲೆಕ್ಕ. ಉಡುಪಿಯಿಂದ ಐದಾರು ಕಿಲೋಮೀಟರ್ ಗುಡ್ಡದ ಮೇಲೆ. ಮಂಗಳೂರಿನಿಂದ ಅದು 60 ಕಿಲೋಮೀಟರಿಗೂ ಹೆಚ್ಚು.

ನಮ್ಮ ಕಡೆಯಿಂದ ಹೋಗುವವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಬೆಳಗಾವಿಯಿಂದ ರಾತ್ರಿ ಹೊರಡುವ ಮಂಗಳೂರು ಬಸ್ಸುಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾದ ಹತ್ತಿರ ಕಡಲ ಬದಿಯ ಹೆದ್ದಾರಿಗೆ ಸೇರುತ್ತವೆ. ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮೂಲ್ಕಿ, ಸುರತ್ಕಲ್, ಆಮೇಲೆ ಮಂಗಳೂರು. ಅಂದರೆ ನಮಗೆ ಉಡುಪಿ, ಸುರತ್ಕಲ್ ಎರಡೂ ಮಂಗಳೂರಿಗಿಂತ ಮೊದಲೇ ಸಿಗುತ್ತವೆ. ಬೆಂಗಳೂರಿನವರು ಕಾನ್ಫರೆನ್ಸಿಗೆ ಮಂಗಳೂರಲ್ಲಿ ಇಳಿದು ವಾಪಸ್ ಉತ್ತರಕ್ಕೆ ಹೋಗುತ್ತಾರೆ. ನಾವು ಕಂಡಕ್ಟರಿಗೆ ಮೊದಲೇ ಹೇಳಿಟ್ಟರೆ ಕ್ಯಾಂಪಸ್ಸಿನ ಹತ್ತಿರವೇ ಇಳಿಯಬಹುದು. ಹಾಗಾಗಿ ಪೇಟೆಯಲ್ಲಿ ರೂಮು ಮಾಡಬೇಕಾದ ಅಗತ್ಯವೇ ನಮಗಿಲ್ಲ.

ರೈಲಲ್ಲಿ ಹೋಗೋರು ಲೋಂಡಾ, ದೂಧಸಾಗರದ ಹಾದಿಯಲ್ಲಿ ಮಡಗಾಂವಕ್ಕೆ ಹೋಗಿ, ಅಲ್ಲಿಂದ ಕೊಂಕಣ ರೈಲ್ವೆ ಹಿಡಿಯಬಹುದು. ಉಡುಪಿ ಸ್ಟೇಷನ್ ಇಂದ್ರಾಳಿಯಲ್ಲಿ, ಉಡುಪಿ–ಮಣಿಪಾಲದ ನಡುವೆ ಇದೆ. ಸುರತ್ಕಲ್‌ಗೂ ಸ್ಟೇಷನ್ ಇದೆ, ಆದರೆ ಎಲ್ಲ ಗಾಡಿ ನಿಲ್ಲುವುದಿಲ್ಲ. ಮಂಗಳೂರಿಗೇ ಟಿಕೆಟ್ ಮಾಡುವುದಾದರೆ ಸೆಂಟ್ರಲ್ಲಾ ಜಂಕ್ಷನ್ನಾ ಅಂತ ನೋಡಿಕೊಳ್ಳಿ. ಕೇರಳಕ್ಕೆ ಹೋಗುವ ಬಹಳಷ್ಟು ದೂರದ ಗಾಡಿಗಳು ಜಂಕ್ಷನ್ನಿನಲ್ಲಿ ಮಾತ್ರ ನಿಲ್ಲುತ್ತವೆ. ಅದು ಪೇಟೆಯ ಹೊರಗಿದೆ.

ಆ ರೂಮು ಇನ್ಯಾರಿಗೆ ಬೇಕು?

ನಾವು ಫೋನ್ ಮಾಡಿದ ಮೊದಲ ನಾಲ್ಕು ಲಾಡ್ಜಿನಲ್ಲಿ "ಫುಲ್ ಉಂಟು" ಅಂದರು. ಇಷ್ಟೊಂದು ಜನ ಯಾಕೆ ಬಂದಿದ್ದಾರೆ ಅಂತ ಆಮೇಲೆ ತಿಳಿಯಿತು.

ಕರಾವಳಿಯಲ್ಲಿ ರೂಮಿನ ಬೇಡಿಕೆಗೆ ತನ್ನದೇ ಪಂಚಾಂಗ ಇದೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ. ಕೃಷ್ಣಮಠದ ಪೂಜೆಯ ಅಧಿಕಾರ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ದಿನ ಅದು. 2024ರಲ್ಲಿ ಪುತ್ತಿಗೆ ಮಠ, 2026ರಲ್ಲಿ ಶೀರೂರು ಮಠ. ಆ ವಾರ ಉಡುಪಿಯಲ್ಲಿ ರೂಮಿನ ಆಸೆ ಬಿಡಬೇಕು. ನವರಾತ್ರಿಯಲ್ಲಿ ಕುದ್ರೋಳಿಯ ದಸರಾ, ಮಂಗಳೂರು ತುಂಬಿರುತ್ತದೆ. ಡಿಸೆಂಬರ್ ಕೊನೆಗೆ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು, ಕ್ರಿಸ್ಮಸ್ಸಿಗೆ ಊರಿಗೆ ಬರುವ ಗಲ್ಫ್ ಮಂದಿ, ಅವರ ಮನೆಯ ಮದುವೆಗಳು. ಕಾನ್ಫರೆನ್ಸುಗಳೂ ಹೆಚ್ಚಾಗಿ ಡಿಸೆಂಬರಿನಲ್ಲೋ ಜುಲೈನಲ್ಲೋ ಇರುತ್ತವೆ, ಸೆಮಿಸ್ಟರ್ ನಡುವಿನ ರಜೆ ನೋಡಿಕೊಂಡು.

ಜುಲೈ ಆದರೆ ಮಳೆಯ ಲೆಕ್ಕ ಬೇರೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ನಾವು ಹೋಗುವ ಅದೇ ಹೆದ್ದಾರಿ ಎಷ್ಟೋ ದಿನ ಬಂದ್ ಆಗಿತ್ತು. ಅಲ್ಲಿ ಜೀವ ಹೋದವರ ಮನೆಯ ದುಃಖದ ಮುಂದೆ ನಮ್ಮ ಕಾನ್ಫರೆನ್ಸು ದೊಡ್ಡದಲ್ಲ. ಆದರೆ ಮಳೆಗಾಲದಲ್ಲಿ ಘಟ್ಟ ಇಳಿಯುವವರು ಒಂದು ದಿನ ಮುಂಚೆ ಹೊರಡಬೇಕು, ಒಂದು ರಾತ್ರಿ ಜಾಸ್ತಿ ಹಿಡಿಯಬೇಕು ಅನ್ನುವುದು ಆ ವರ್ಷದಿಂದ ನಮ್ಮ ಕಡೆಯವರಿಗೆಲ್ಲ ಗೊತ್ತಾಗಿದೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ತಟ್ಟಿದ್ದು ಬೇರೆ. ಮಣಿಪಾಲದ ಒಂದು ಲಾಡ್ಜಿನವರಿಗೆ ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಪೇಷಂಟ್ ಉಂಟಾ?" ಹತ್ತಿರದ ಕಡಿಮೆ ಬಾಡಿಗೆಯ ರೂಮುಗಳೆಲ್ಲ ಆಸ್ಪತ್ರೆಗೆ ಬಂದವರಿಗೆ. ಹಾವೇರಿ, ದಾವಣಗೆರೆ, ಶಿವಮೊಗ್ಗ, ಉತ್ತರ ಕನ್ನಡದಿಂದ ದೊಡ್ಡ ಕಾಯಿಲೆಗೆ ಮಣಿಪಾಲಕ್ಕೆ, ಮಂಗಳೂರಿಗೆ ಬರುವವರು ಬಹಳ. ಒಳಗೆ ಒಬ್ಬರು ಅಡ್ಮಿಟ್ ಆದರೆ ಹೊರಗೆ ಇಬ್ಬರು ಮೂವರು ವಾರಗಟ್ಟಲೆ ಕಾಯಬೇಕು. ಅವರು ಹುಡುಕುವುದೂ ನಾವು ಹುಡುಕಿದ ಅದೇ ಎಂಟುನೂರು, ಸಾವಿರದ ರೂಮು. ತಂಗಿ ಫೋನ್ ಇಟ್ಟು, "ಅಕ್ಕಾ, ಅವ್ರಿಗೆ ಬಿಟ್ಟು ನಮಗ ಕೊಡ್ರಿ ಅಂತ ಹೆಂಗ ಕೇಳೂದು?" ಅಂದಳು. ಕಾನ್ಫರೆನ್ಸ್ ನಡೆಸುವವರು ನೂರು ಜನರನ್ನು ಕರೆದು, ಹೊರಗೆ ರೂಮು ಹುಡುಕಿಕೊಳ್ಳಿ ಅಂದಾಗ ಆ ನೂರು ಜನ ಹೋಗಿ ನಿಲ್ಲುವುದು ಈ ಸಾಲಿನಲ್ಲೇ.

"ಒಬ್ರೇನಾ?"

ಇನ್ನೊಂದು ತೊಂದರೆ ಇದೆ, ಗಂಡುಮಕ್ಕಳಿಗೆ ಅದು ಅಷ್ಟಾಗಿ ಗೊತ್ತಿರುವುದಿಲ್ಲ. ಪೇಟೆಯ ಒಂದು ಲಾಡ್ಜಿನಲ್ಲಿ ರೂಮು ಇದೆ ಅಂದರು, ಬಾಡಿಗೆಯೂ ಸರಿ ಇತ್ತು. ಹೆಸರು ಬರೆದುಕೊಳ್ಳುವಾಗ, "ಜೊತೆಗೆ ಜೆಂಟ್ಸ್ ಯಾರಿದ್ದಾರೆ?" ಅಂದರು. ಯಾರೂ ಇಲ್ಲ, ಇಬ್ಬರೂ ಹೆಣ್ಣುಮಕ್ಕಳು, ಕಾನ್ಫರೆನ್ಸಿಗೆ ಬರ್ತಿದ್ದೀವಿ ಅಂದೆ. "ಹಾಗೆ ಕೊಡುದಿಲ್ಲ ಮೇಡಂ, ಓನರ್ ಬೇಡ ಹೇಳಿದ್ದಾರೆ." ಮರ್ಯಾದೆಯಿಂದಲೇ ಹೇಳಿದರು, ಆದರೆ ಕೊಡಲಿಲ್ಲ.

ಹೆಣ್ಣುಮಕ್ಕಳಿಗೆ ರೂಮು ಕೊಡಬಾರದು ಅಂತ ಯಾವ ಕಾನೂನೂ ಇಲ್ಲ. ಹದಿನೆಂಟು ತುಂಬಿ, ಸರ್ಕಾರದ ಗುರುತಿನ ಚೀಟಿ ಇದ್ದರೆ ಸಾಕು. ಆದರೆ ಸಂಜೆ ಏಳಕ್ಕೆ ಬ್ಯಾಗು ಹಿಡಿದು ಕೌಂಟರಿನ ಮುಂದೆ ನಿಂತಾಗ ಕಾನೂನು ಮಾತಾಡಿ ಗೆಲ್ಲುವುದು ಕಷ್ಟ. ಹಾಗಾಗಿ ಆ್ಯಪಿನಲ್ಲಿ ಬುಕ್ ಮಾಡಿದ್ದರೂ ಲಾಡ್ಜಿಗೆ ನೇರ ಫೋನ್ ಮಾಡಿ, ಒಬ್ಬಳೇ ಬರ್ತೀನಿ, ಬೆಳಗಿನ ಜಾವ ಬರ್ತೀನಿ, ಕೊಡ್ತೀರಾ ಅಂತ ಕೇಳಿಟ್ಟುಕೊಳ್ಳಬೇಕು. ಇದು ಮುಖ್ಯ, ಯಾಕೆಂದರೆ ನಮ್ಮ ಕಡೆಯ ಬಸ್ಸು ಬೆಳಗಿನ ಹೊತ್ತು ಹೋಗಿ ಮುಟ್ಟುತ್ತದೆ. ಎಷ್ಟೋ ಹೋಟೆಲುಗಳಲ್ಲಿ ರೂಮು ಕೊಡೋದು ಮಧ್ಯಾಹ್ನ ಹನ್ನೆರಡರ ಮೇಲೆ. ಒಂಬತ್ತಕ್ಕೆ ಕಾನ್ಫರೆನ್ಸು ಶುರು. ಸ್ನಾನ ಎಲ್ಲಿ ಮಾಡಬೇಕು? ನೆಟ್ಟಿನಲ್ಲಿ ಫೋಟೋ ನೋಡಿ ಬುಕ್ ಮಾಡುವಾಗ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಕೇಳಿದ ಮೇಲೆ ಸಿಕ್ಕಿದ್ದು

ಕಡೆಗೆ ತಂಗಿ ಒಂದು ಕೆಲಸ ಮಾಡಿದಳು. ಇ-ಮೇಲಿನ ಕೆಳಗೆ ಇದ್ದ ಸಂಚಾಲಕರ ವಿಳಾಸಕ್ಕೆ ಐದು ಸಾಲು ಬರೆದಳು. ನಾನು ಸಂಶೋಧನಾ ವಿದ್ಯಾರ್ಥಿನಿ, ಬೆಳಗಾವಿ ಜಿಲ್ಲೆಯಿಂದ ಬರುತ್ತಿದ್ದೇನೆ, ನಿಮ್ಮ ಪಟ್ಟಿಯ ಹೋಟೆಲು ನನ್ನ ಕೈಗೆ ಎಟಕುವುದಿಲ್ಲ, ರಜೆಯಲ್ಲಿ ಲೇಡೀಸ್ ಹಾಸ್ಟೆಲ್ಲಿನಲ್ಲಿ ಖಾಲಿ ಕೋಣೆ ಇದ್ದರೆ ಬಾಡಿಗೆ ಕೊಟ್ಟು ಇರುತ್ತೇನೆ. ಕೇಳೋಕೆ ಅವಳಿಗೆ ಸಂಕೋಚ. ಪೇಪರ್ ವಾಪಸ್ ಮಾಡಿಬಿಟ್ಟರೆ ಅನ್ನುವ ಹೆದರಿಕೆ ಬೇರೆ.

ಎರಡು ದಿನ ಬಿಟ್ಟು ಉತ್ತರ ಬಂತು. ಹಾಸ್ಟೆಲ್ಲಿನಲ್ಲಿ ಕೋಣೆ ಇದೆ, ದಿನಕ್ಕೆ ಇಷ್ಟು, ಮೆಸ್ಸಿನಲ್ಲೇ ಊಟ, ಬೆಳಗ್ಗೆ ಆರಕ್ಕೆ ಬಂದರೂ ಗೇಟಿನಲ್ಲಿ ಹೆಸರು ಕೊಟ್ಟಿರುತ್ತೇವೆ. ಮೂರು ರಾತ್ರಿಯ ಒಟ್ಟು ದುಡ್ಡು ಪಟ್ಟಿಯಲ್ಲಿದ್ದ ಹೋಟೆಲಿನ ಒಂದು ರಾತ್ರಿಯ ಅರ್ಧದಷ್ಟೂ ಇರಲಿಲ್ಲ. ಕೋಣೆಗಳು ಮೊದಲಿಂದಲೂ ಖಾಲಿಯೇ ಇದ್ದವು. ಅದನ್ನು ಆಹ್ವಾನದಲ್ಲಿ ಬರೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಹೊರಟ ರಾತ್ರಿ ಅರಬೈಲ್ ಘಟ್ಟದ ತಿರುವುಗಳಲ್ಲಿ ತಂಗಿ ಲ್ಯಾಪ್‌ಟಾಪು ಬ್ಯಾಗನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದಳು. ಮರವಂತೆ ಹತ್ತಿರ ಬೆಳಕು ಹರಿಯಿತು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ನಮ್ಮ ಬಸ್ಸು. ಅವಳು ಸಮುದ್ರ ನೋಡಿದ್ದು ಶಾಲೆಯ ಗೋವಾ ಟ್ರಿಪ್ಪಿನಲ್ಲಿ ಮಾತ್ರ. ಕಿಟಕಿಗೆ ಹಣೆ ಹಚ್ಚಿ ನೋಡಿದಳು, ಆಮೇಲೆ ಮತ್ತೆ ಸ್ಲೈಡುಗಳನ್ನು ಬಾಯಲ್ಲೇ ಹೇಳಿಕೊಳ್ಳತೊಡಗಿದಳು.

ಹಾಸ್ಟೆಲ್ ಗೇಟಿನಲ್ಲಿ ನಿಜಕ್ಕೂ ಹೆಸರು ಇತ್ತು. ಮೇಲ್ವಿಚಾರಣೆಯ ಹೆಂಗಸು ನಮ್ಮ ಮಾತು ಕೇಳಿ, "ನೀವು ಬೆಳಗಾವಿಯವರಾ? ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬೇಡದಿದ್ರೆ ಬೆಳ್ತಿಗೆಯೂ ಉಂಟು. ರಾತ್ರಿ ಚಪಾತಿ ಮಾಡ್ತಾರೆ, ಹೆದರ್ಬೇಡಿ" ಅಂದರು. ನಾನು ಕಾನ್ಫರೆನ್ಸಿನವಳಲ್ಲವಾದ್ದರಿಂದ ಹತ್ತಿರದ ಪೇಟೆಯ ಒಂದು ಲಾಡ್ಜಿನಲ್ಲಿ ಉಳಿದೆ. ಗಂಡ ಹೆಂಡತಿ ಸೇರಿ ನಡೆಸುವ ಲಾಡ್ಜು, ಕೆಳಗೇ ಹೋಟೆಲು, ಬೆಳಗ್ಗೆ ಬನ್ಸು, ನೀರುದೋಸೆ. ಸೆಕೆಗೆ ತೊಳೆದ ಬಟ್ಟೆ ಎರಡು ದಿನವಾದರೂ ಒಣಗಲಿಲ್ಲ ಅನ್ನೋದು ಬಿಟ್ಟರೆ ಏನೂ ತೊಂದರೆ ಆಗಲಿಲ್ಲ.

ಹಾಸ್ಟೆಲ್ಲಿನ ಲಾಭ ಬರೀ ದುಡ್ಡಿನದಲ್ಲ ಅಂತ ಮರುದಿನ ಗೊತ್ತಾಯಿತು. ಆ ಕೋಣೆಗಳಲ್ಲಿ ಅವಳ ಹಾಗೆಯೇ ಬಂದ ಆರು ಜನ ಹುಡುಗಿಯರು ಇದ್ದರು. ಒಬ್ಬಳು ಕಲಬುರಗಿಯವಳು, ಒಬ್ಬಳು ಕಾಸರಗೋಡಿನವಳು, ಉಳಿದವರು ಕೇರಳ, ತಮಿಳುನಾಡಿನ ಕಡೆಯವರು. ರಾತ್ರಿ ಹನ್ನೊಂದರವರೆಗೆ ಒಬ್ಬರ ಸ್ಲೈಡು ಇನ್ನೊಬ್ಬರು ನೋಡಿ ತಿದ್ದಿದರಂತೆ. ಕಾಸರಗೋಡಿನ ಹುಡುಗಿ ಅಡಿಕೆ ರೋಗದ ಮೇಲೆ ಇದೇ ಥರದ ಕೆಲಸ ಮಾಡುತ್ತಿದ್ದಳು. ಮಳೆಯಲ್ಲಿ ನೆನೆದ ಎಲೆಯ ಫೋಟೋ ಹೊಳೆದು ಲೆಕ್ಕ ಕೆಡುವುದನ್ನು ಹೇಗೆ ಸರಿಮಾಡಿಕೊಂಡೆ ಅಂತ ಅವಳು ಹೇಳಿಕೊಟ್ಟಿದ್ದು ತಂಗಿಗೆ ಒಂದು ತಿಂಗಳ ಕೆಲಸ ಉಳಿಸಿತು. ಇಂಥ ಮಾತು ಸಭೆಯ ಹಾಲಿನಲ್ಲಿ ನಡೆಯುವುದು ಕಡಿಮೆ. ಅಲ್ಲಿ ಪ್ರಶ್ನೆಗೆ ಎರಡೇ ನಿಮಿಷ. ಒಬ್ಬೊಬ್ಬರೂ ಒಂದೊಂದು ಲಾಡ್ಜು ಹಿಡಿದಿದ್ದರೆ ಈ ಪರಿಚಯವೇ ಆಗುತ್ತಿರಲಿಲ್ಲ.

ಮೊದಲು ಸೂರು, ಆಮೇಲೆ ಸಭೆ

ನಮ್ಮ ಉತ್ತರ ಕರ್ನಾಟಕದಲ್ಲಿ ಓದು ಬಂದದ್ದೇ ಬೋರ್ಡಿಂಗಿನ ಮೂಲಕ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಂಥ ಕಡೆ ಊಟ, ವಸತಿ ಸಿಕ್ಕಿದ್ದಕ್ಕೇ ಎಷ್ಟೋ ಹಳ್ಳಿಯ ಹುಡುಗರು ಕಾಲೇಜಿನ ಮೆಟ್ಟಿಲು ಹತ್ತಿದರು. ನಮ್ಮ ಅಜ್ಜನ ಕಾಲದವರನ್ನು ಕೇಳಿದರೆ ಎಲ್ಲಿ ಓದಿದಿರಿ ಅನ್ನೋದಕ್ಕಿಂತ ಮೊದಲು ಎಲ್ಲಿ ಉಂಡು ಓದಿದಿರಿ ಅಂತ ಹೇಳುತ್ತಾರೆ. ಪಾಠ ಹೇಳುವವರು ಇದ್ದರೆ ಸಾಲದು, ಮಲಗೋಕೆ ಜಾಗ ಬೇಕು ಅಂತ ಆ ಮಠಗಳಿಗೆ ಗೊತ್ತಿತ್ತು.

ದೊಡ್ಡ ಸಭೆ ನಡೆಸುವುದು ಹೇಗೆ ಅನ್ನುವುದಕ್ಕೂ ಬೆಳಗಾವಿಯಲ್ಲಿ ಹಳೆಯ ಉದಾಹರಣೆ ಇದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆದಾಗ ಬಂದವರು ಉಳಿಯೋಕೆ ಟಿಳಕವಾಡಿಯ ಬಯಲಲ್ಲಿ ಒಂದು ಊರನ್ನೇ ಕಟ್ಟಿದ್ದರು. ಅದಕ್ಕೆ ವಿಜಯನಗರ ಅಂತ ಹೆಸರಿಟ್ಟಿದ್ದರು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳ್ತನ, ಎನ್.ಎಸ್. ಹರ್ಡೀಕರರ ಸ್ವಯಂಸೇವಕರ ದುಡಿಮೆ. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಅಂತ ಕರೆದರು. ಆ ಬಾವಿ ಇವತ್ತಿಗೂ ವೀರಸೌಧದ ಆವರಣದಲ್ಲಿದೆ. ಭಾಷಣಕ್ಕೆ ಮೊದಲು ನೀರು, ಸೂರು ನೋಡಿದ್ದರು ಅವರು. ಕನ್ನಡ ಸಾಹಿತ್ಯ ಸಮ್ಮೇಳನಗಳಲ್ಲೂ ಶಾಲೆ, ಕಲ್ಯಾಣ ಮಂಟಪಗಳನ್ನು ಬಿಡಿಸಿ ಬಂದವರಿಗೆ ಜಾಗ ಮಾಡುವುದು ರೂಢಿ. ಹಾಸಿಗೆ ಸರಿ ಇರಲಿಲ್ಲ, ಬಿಸಿನೀರು ಬರಲಿಲ್ಲ ಅಂತ ಜಗಳ ಆಗಬಹುದು. ಆದರೆ ಕರೆದವರು ಇಳಿಸಿಕೊಳ್ಳಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಎಂಜಿನಿಯರಿಂಗ್ ಕಾನ್ಫರೆನ್ಸುಗಳಿಗೆ ಬಂದಾಗ ಮಾತ್ರ ಈ ರೂಢಿ ಎಲ್ಲೋ ಬಿಟ್ಟುಹೋಗಿದೆ. ಮುಖ್ಯ ಭಾಷಣಕಾರರಿಗೆ ಗೆಸ್ಟ್ ಹೌಸು, ಪೇಪರ್ ಓದೋಕೆ ಬರುವ ಹುಡುಗರಿಗೆ ಹೋಟೆಲುಗಳ ಪಟ್ಟಿ.

ಹೋಗುವವರಿಗೆ ನಾಲ್ಕು ಮಾತು

ಪೇಪರ್ ಒಪ್ಪಿಗೆಯಾದ ದಿನವೇ ರೂಮಿನ ಕೆಲಸ ಶುರು ಮಾಡಿ. ಮೊದಲು ಸಂಚಾಲಕರಿಗೆ ಬರೆಯಿರಿ. ಹಾಸ್ಟೆಲ್ ಇದೆಯಾ, ಗೆಸ್ಟ್ ಹೌಸಿನಲ್ಲಿ ಹಂಚಿಕೊಂಡು ಇರಬಹುದಾ, ಬರುವ ಬೇರೆ ವಿದ್ಯಾರ್ಥಿಗಳ ಸಂಪರ್ಕ ಕೊಡ್ತೀರಾ ಅಂತ ನೇರವಾಗಿ ಕೇಳಿ. ಇದಕ್ಕೆ ಯಾರೂ ಪೇಪರ್ ವಾಪಸ್ ಮಾಡುವುದಿಲ್ಲ.

ಹೊರಗೇ ಉಳಿಯಬೇಕಾದರೆ ಮೊದಲು ನಕ್ಷೆ ನೋಡಿ, ಆಮೇಲೆ ಬಾಡಿಗೆ. ಕ್ಯಾಂಪಸ್ಸಿಗೆ ನೇರ ಬಸ್ಸು ಇರುವ ರಸ್ತೆಯಲ್ಲಿ ರೂಮು ಹಿಡಿದರೆ ಆಟೋ ದುಡ್ಡು ಉಳಿಯುತ್ತದೆ. ಮಂಗಳೂರಿನಲ್ಲಿ ಸ್ಟೇಟ್‌ಬ್ಯಾಂಕ್ ಅಂದರೆ ಬ್ಯಾಂಕಲ್ಲ, ಬಸ್ ಸ್ಟ್ಯಾಂಡು. ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿಯವು, ನಮ್ಮ ಕೆಂಪು ಬಸ್ಸಿಗಿಂತ ಜೋರು. ಕಂಡಕ್ಟರು ಸೀಟಿ ಹೊಡೆದು "ರೈಟ್ ಪೋಯಿ" ಅಂದರೆ ಹೊರಟಿತು ಅಂತ ಅರ್ಥ, ಅಷ್ಟರೊಳಗೆ ಹತ್ತಿರಬೇಕು. ಉಡುಪಿಯಲ್ಲಿ ರಥಬೀದಿಯ ಸುತ್ತ ಮಠಗಳ ಅತಿಥಿಗೃಹಗಳು, ಸಾಧಾರಣ ಲಾಡ್ಜುಗಳು ಇವೆ. ಕೃಷ್ಣಮಠದಲ್ಲಿ ಊಟವೂ ಆಗುತ್ತದೆ. ಮಣಿಪಾಲದ ಕಾನ್ಫರೆನ್ಸಿಗೆ ಅಲ್ಲಿ ಉಳಿದು ಬಸ್ಸಲ್ಲಿ ಹೋಗಿಬರಬಹುದು.

ಬಿಲ್ಲು ಮರೆಯಬೇಡಿ. ಕಾಲೇಜಿನಿಂದ ದುಡ್ಡು ವಾಪಸ್ ಬರಬೇಕಾದರೆ ಲಾಡ್ಜಿನ ಹೆಸರು, ಜಿಎಸ್‌ಟಿ ನಂಬರು ಇರುವ ಬಿಲ್ಲೇ ಬೇಕು. ಸಾವಿರದೊಳಗಿನ ರೂಮಿಗೂ 2022ರ ಜುಲೈ 18ರಿಂದ ಶೇ 12 ತೆರಿಗೆ ಬಂದಿತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಅದು ಶೇ 5 ಆಗಿದೆ. ಹಳೆಯ ಲೆಕ್ಕದಲ್ಲಿ ಕೇಳಿದರೆ ಒಮ್ಮೆ ವಿಚಾರಿಸಿ.

ಮನೆಯವರಿಗೆ ಒಂದು ಮಾತು. ಎಲ್ಲಿ ಇರ್ತೀಯ ಅಂತ ಕೇಳೋದು ಸರಿ. ಉತ್ತರ ಸಿಗದಿದ್ದರೆ ಹೋಗಬೇಡ ಅನ್ನುವ ಬದಲು ಜೊತೆಗೆ ಕೂತು ನಾಲ್ಕು ಕಡೆ ಫೋನ್ ಮಾಡಿ. ಮನೆಯಿಂದ ದೊಡ್ಡವರೊಬ್ಬರು ಲಾಡ್ಜಿನವರ ಜೊತೆ ಮಾತಾಡಿದರೆ ಅವರೂ ಸ್ವಲ್ಪ ಮೆತ್ತಗಾಗುತ್ತಾರೆ. ಹೀಗಿರಬಾರದು, ಆದರೆ ಸದ್ಯಕ್ಕೆ ಹೀಗಿದೆ.

ತಂಗಿಯ ಪೇಪರ್ ಚೆನ್ನಾಗಿ ಆಯಿತು. ಒಬ್ಬ ಹಿರಿಯ ಪ್ರೊಫೆಸರು, ಈ ಫೋಟೋ ತೆಗೆದ ಹೊಲ ಯಾವುದು ಅಂತ ಕೇಳಿದರು. ಅಂಕಲಗಿ ಅಂದಳು, ಆಮೇಲೆ ಅದು ಎಲ್ಲಿದೆ ಅಂತ ವಿವರಿಸಲು ಗೋಕಾಕ ಫಾಲ್ಸ್, ಕರದಂಟು ಎರಡನ್ನೂ ಕರೆತರಬೇಕಾಯಿತು. ಈಗ ಅವಳ ಕಾಲೇಜಿನಲ್ಲೇ ಒಂದು ಕಾನ್ಫರೆನ್ಸು ನಡೆಸುವ ಮಾತು ನಡೆಯುತ್ತಿದೆ, ತಯಾರಿಯ ಗುಂಪಿನಲ್ಲಿ ಅವಳೂ ಇದ್ದಾಳೆ. ಮೊದಲ ಮೀಟಿಂಗಿನಲ್ಲಿ ಅವಳು ಎರಡು ವಿಷಯ ಬರೆಸಿದಳಂತೆ. ಆಹ್ವಾನದ ಮೊದಲ ಪುಟದಲ್ಲೇ ಹಾಸ್ಟೆಲ್ ಕೋಣೆಗಳ ಸಂಖ್ಯೆ, ಬಾಡಿಗೆ, ಗೇಟು ತೆರೆಯುವ ಹೊತ್ತು ಹಾಕಬೇಕು. ಇನ್ನೊಂದು, ಡಿಸೆಂಬರಿನಲ್ಲಿ ಇಡುವುದಾದರೆ ಅಧಿವೇಶನದ ದಿನಗಳನ್ನು ಬಿಟ್ಟು ಇಡಬೇಕು.